ಗೆರೆ ಮೀರಿದ ಎಣ್ಣೆ

ಹುಣಸೂರಿನ ಬಜಾರ್ ಬೀದಿಯಲ್ಲಿ ಸಿದ್ದಮಲ್ಲಪ್ಪನವರ ಎಣ್ಣೆ ಅಂಗಡಿಗೆ ಜನ ಹೋಗುತ್ತಿದ್ದುದು ಎಣ್ಣೆಗಲ್ಲ, ಕೊಸರಿಗೆ. ಎಣ್ಣೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಪಾವು ತುಂಬಿಸಿ ಸುರಿದ ಮೇಲೆ ಇನ್ನೊಂದು ಸಣ್ಣ ಧಾರೆಯನ್ನು ಪುಕ್ಕಟೆಯಾಗಿ ಬಿಡುವ ಕೈ ಎಲ್ಲರಿಗೂ ಇರುವುದಿಲ್ಲ. ಸಿದ್ದಮಲ್ಲಪ್ಪನವರಿಗೆ ಅದು ಅವರ ತಂದೆಯಿಂದ ಬಂದಿತ್ತು. "ಕೊಸರಿಲ್ಲದ ಅಳತೆ ಕಳ್ಳನ ಅಳತೆ" ಎಂದು ಅವರು ಹೇಳಿ ಹೇಳಿ, ಮನೆಯವರ ಕೈಗೂ ಅದೇ ರೋಗ ಹತ್ತಿತ್ತು. ಅವರ ಹೆಂಡತಿ ಪುಟ್ಟಮಲ್ಲಮ್ಮ ಒಂದು ಮುದ್ದೆ ಕೇಳಿದವರಿಗೆ ಒಂದೂವರೆ ಇಡುತ್ತಿದ್ದರು. ಮಜ್ಜಿಗೆ ಲೋಟದಿಂದ ತುಳುಕಿ ನೆಲಕ್ಕೆ ಬೀಳದಿದ್ದರೆ ಆ ಮನೆಯಲ್ಲಿ ಅದನ್ನು ಬಡಿಸಿದ ಹಾಗೆ ಲೆಕ್ಕವಿರಲಿಲ್ಲ. ಇಂಥ ಮನೆಗೆ ಕಾರು ಬಂದರೆ ಏನಾಗಬೇಕೋ ಅದೇ ಆಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮಾರನೆಯ ವರ್ಷ, ಶಿವರಾತ್ರಿ ಕಳೆದ ಮೇಲೆ, ಕಿರಿಯ ಮಗ ಚನ್ನಬಸವಣ್ಣ ಗೋಣಿಕೊಪ್ಪದ ಕಾಫಿ ತೋಟದವರೊಬ್ಬರ ಹಳೆಯ ಕಪ್ಪು ಕಾರನ್ನು ಕೊಂಡು, ಬಾಡಿಗೆಗೆ ಓಡಿಸುತ್ತೇನೆಂದು ಮನೆಗೆ ತಂದ. ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಮಗ ಬೆಟ್ಟಸ್ವಾಮಿ ಅದನ್ನು ಕಂಡವನೇ ಮುಖ ಊದಿಸಿಕೊಂಡ.

"ಎಣ್ಣೆ ಮಾರೋ ಮನೇಲಿ ಹುಟ್ಟಿ, ಎಣ್ಣೆ ಕುಡಿಯೋ ಗಾಡಿ ತಂದವ್ನೆ. ಎತ್ತಾದ್ರೆ ಸಗಣಿನಾದ್ರೂ ಆಕ್ತದೆ."

"ಅಣ್ಣ, ಎತ್ತಿನ ಗಾಡೀಲಿ ಪಿರಿಯಾಪಟ್ಟಣಕ್ಕೆ ಹೋಗಿ ಬರೋಕೆ ಇಡೀ ದಿನ ಬೇಕು ಕಣ. ಇದು ಕಣ್ಣು ಮುಚ್ಚಿ ಬುಡೋದ್ರೊಳಗೆ ಹೋಯ್ತದೆ."

"ಕಣ್ಣು ಮುಚ್ಚಿ ಮಾತ್ರ ಓಡಿಸ್ಬೇಡ."

ತಂದೆ ನಡುವೆ ಬಾಯಿ ಹಾಕಿ ತೀರ್ಮಾನ ಕೊಟ್ಟರು. "ಮುಂಗಾರು ಬೀಳೋಗಂಟ ಓಡಿಸು. ನೆಟ್ಟಗಿದ್ರೆ ಇರಲಿ. ಇಲ್ದಿದ್ರೆ ಮಾರ್ಬುಟ್ಟು ಅಣ್ಣನ ಪಕ್ಕದಲ್ಲಿ ಕೂತ್ಕೊಂಡು ಅಳೆಯೋದು ಕಲಿ."

ಚನ್ನಬಸವಣ್ಣ ಒಪ್ಪಿಕೊಂಡ. ಒಪ್ಪದೆ ಬೇರೆ ದಾರಿ ಇರಲಿಲ್ಲ. ಅಂಗಡಿಯಲ್ಲಿ ಅವನು ಹಿಂದೆ ಎರಡು ವರ್ಷ ಕೂತಿದ್ದವನೇ. ಬೆಳಗಿನಿಂದ ಸಂಜೆಯವರೆಗೆ ಅದೇ ಪೀಪಾಯಿ, ಅದೇ ಹಿಂಡಿಯ ವಾಸನೆ, ಅದೇ ಎದುರುಗೋಡೆ. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಉಸಿರು ಕಟ್ಟುತ್ತಿತ್ತು. ರಸ್ತೆಗೆ ಇಳಿದರೆ ಮಾತ್ರ ಅವನು ಮನುಷ್ಯನಾಗುತ್ತಿದ್ದ. ಕಾರು ಹೋದರೆ ಅವನ ಪಾಲಿಗೆ ರಸ್ತೆಯೂ ಹೋದಂತೆಯೇ.

ಪೂಜೆಯ ದಿನ ಕಾರಿನ ಬಾನೆಟ್ಟಿಗೆ ವಿಭೂತಿ ಬಳಿದು, ಹೂವು ಮುಡಿಸಿ, ನಿಂಬೆಹಣ್ಣು ತುಳಿಸಿದ ಮೇಲೆ ಚನ್ನಬಸವಣ್ಣ ಮನೆಯವರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಬಾನೆಟ್ಟು ಎತ್ತಿದ. ಹೊಸ ವಿದ್ಯೆ ಕಲಿತವನ ಗತ್ತು ನೋಡಬೇಕಿತ್ತು.

"ಇದು ನೀರಿನ ಬಾಯಿ, ಇದು ಎಣ್ಣೆ ಬಾಯಿ. ನೀರು ಕಮ್ಮಿಯಾದ್ರೆ ಕಾಯ್ತದೆ, ಅಷ್ಟೇ. ಎಣ್ಣೆ ಕಮ್ಮಿಯಾಯ್ತೋ, ಇಂಜಿನ್ನೇ ಹಿಡ್ಕೊಬುಡ್ತದೆ. ಪ್ರಾಣ ಹೋದಂಗೆ."

"ಅಯ್ಯೋ ಶಿವನೇ," ಎಂದರು ಪುಟ್ಟಮಲ್ಲಮ್ಮ.

"ನಡುದಾರೀಲಿ ಹಿಡ್ಕೊಂಡ್ರೆ ಮುಗೀತು ಕಣವ್ವ. ಅದಕ್ಕೇ ಈ ಕಡ್ಡಿ." ಅವನು ಇಂಜಿನ್ನಿನಿಂದ ಒಂದು ಉದ್ದನೆಯ ಉಕ್ಕಿನ ಕಡ್ಡಿಯನ್ನು ಸರ್ರನೆ ಎಳೆದು ತೋರಿಸಿದ. ಅದರ ತುದಿಯಲ್ಲಿ ಎರಡು ಗೆರೆಗಳಿದ್ದವು. "ಎಣ್ಣೆ ಈ ಕೆಳಗಿನ ಗೆರೆಗಿಂತ ಕೆಳಗೆ ಇಳೀಬಾರ್ದು. ಇಳಿದ್ರೆ ಕೆಟ್ಟೆವು."

ಮೇಲಿನ ಗೆರೆ ಯಾಕಿದೆ ಎಂದು ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಮೇಲಿನ ಗೆರೆಯ ಬಗ್ಗೆ ತಲೆ ಕೆಡಿಸಿಕೊಳ್ಳುವ ವಂಶವೇ ಅದಲ್ಲ.

ಮೊದಲ ಕೆಲವು ವಾರ ಕಾರು ಚಿಗರೆಯಂತೆ ಓಡಿತು. ಪಿರಿಯಾಪಟ್ಟಣಕ್ಕೆ ವ್ಯಾಪಾರಿಗಳು, ಹೊಸ ಅಗ್ರಹಾರಕ್ಕೆ ಬಾಣಂತಿ, ಎಚ್.ಡಿ. ಕೋಟೆಗೆ ಕೋರ್ಟು ಕಚೇರಿಯವರು, ಹೀಗೆ ದಿನವೂ ಯಾರಾದರೂ ಮನೆ ಬಾಗಿಲಿಗೆ ಬಂದು ಕೂಗುತ್ತಿದ್ದರು. ಚನ್ನಬಸವಣ್ಣ ಬೆಳಿಗ್ಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಹೊರಟರೆ ಸಂಜೆ ದೂಳು ಮೆತ್ತಿಕೊಂಡು ನಗುತ್ತ ಬರುತ್ತಿದ್ದ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಬೆಟ್ಟಸ್ವಾಮಿ ಅಂಗಡಿಯಿಂದಲೇ ಕೇಳುತ್ತಿದ್ದ: "ಇವತ್ತು ಯಾವ ಕಡೆ?" ಕೋಟೆ ಕಡೆ ಎಂದರೆ ಏನೋ ಗೊಣಗಿ ಒಳಗೆ ಹೋಗುತ್ತಿದ್ದ. ತಮ್ಮ ಅದನ್ನು ಹೊಟ್ಟೆಕಿಚ್ಚು ಅಂದುಕೊಂಡ.

ಆಮೇಲೆ ಹೊಗೆ ಶುರುವಾಯಿತು.

ಮೊದಲು ಏರು ಬಂದಾಗ ಸ್ವಲ್ಪ. ಆಮೇಲೆ ಸಮ ರಸ್ತೆಯಲ್ಲೂ ಬಾಲ ಕಟ್ಟಿಕೊಂಡಂತೆ ನೀಲಿ ಹೊಗೆ. ಇಂಜಿನ್ನಿನ ಕೆಳಗೆ ತೊಟ್ಟು ತೊಟ್ಟು ಎಣ್ಣೆ. ಬೆಂಕಿಯ ಕಿಡಿ ಹಾರಿಸಬೇಕಾದ ಪ್ಲಗ್ಗುಗಳು ಎಣ್ಣೆಯಲ್ಲಿ ಮಿಂದು ಕಿಡಿ ಹಾರಿಸುವುದನ್ನೇ ಮರೆತವು. ಚನ್ನಬಸವಣ್ಣ ಅವನ್ನು ಬಿಚ್ಚಿ ಉಜ್ಜಿ ಹಾಕಿದರೆ ಒಂದು ಬಾಡಿಗೆಗೆ ಬರುತ್ತಿದ್ದವು, ಮತ್ತೆ ಅದೇ ಗೋಳು. ಯಾರನ್ನು ಕೇಳಿದರೂ "ಇಂಜಿನ್ ಸವೆದೋಗದೆ" ಎಂದೇ ಹೇಳಿದರು. ಬಜಾರಿನ ಜನಕ್ಕಂತೂ ಹಬ್ಬ. "ಎಣ್ಣೆ ಅಂಗಡಿ ಕಾರು ಬತ್ತಾ ಅದೆ, ಬಾಗ್ಲಾಕ್ಕೊಳ್ರಪ್ಪೋ" ಎಂದು ಒಬ್ಬ ಕೂಗಿದರೆ ಬೀದಿಯುದ್ದಕ್ಕೂ ನಗು.

ಮನೆಯಲ್ಲಿ ಮೊದಲು ಸಿಡಿದವಳು ಬೆಟ್ಟಸ್ವಾಮಿಯ ಹೆಂಡತಿ ಗುರುಶಾಂತಮ್ಮ. ಅಂಗಳದ ಚಾಪೆಯ ಮೇಲೆ ವರ್ಷಕ್ಕಾಗುವಷ್ಟು ಹಪ್ಪಳ ಒಣಹಾಕಿದ್ದಳು. ಕಾರು ಅದರ ಪಕ್ಕದಲ್ಲೇ ಕೆಮ್ಮಿ, ನಡುಗಿ, ಚಾಪೆಯ ಮೇಲೆಲ್ಲ ಮಸಿ ಕಾರಿತು.

"ಚನ್ನಬಸವ! ಈ ಹಪ್ಪಳಾನ ಯಾರು ತಿಂತಾರೋ?"

"ಕರಿದ್ರೆ ಕಪ್ಪು ಗೊತ್ತಾಗಲ್ಲ ಬುಡಿ ಅತ್ತಿಗೆ."

"ನಿನಗೇ ಕರಿದು ಹಾಕ್ತೀನಿ, ವರ್ಷ ಪೂರ್ತಿ!"

ಆದರೆ ತಂದೆಯ ತಾಳ್ಮೆ ಮುಗಿದದ್ದು ಹಾರನಹಳ್ಳಿ ಮದುವೆಯ ದಿನ. ಗಂಡಿನ ಕಡೆಯವರು ಕಾರನ್ನು ಗೊತ್ತು ಮಾಡಿದ್ದರು. ಊರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಒಂದು ಸಣ್ಣ ಏರಿನಲ್ಲಿ ಕಾರು ನಿಂತೇಬಿಟ್ಟಿತು. ಮುಹೂರ್ತ ಮೀರುತ್ತಿತ್ತು. ಬಾಸಿಂಗ ಕಟ್ಟಿಕೊಂಡಿದ್ದ ಮದುಮಗನೇ ಇಳಿದು, ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿ, ತನ್ನ ಮದುವೆಗೆ ತಾನೇ ಕಾರು ತಳ್ಳಿದ. ಚಪ್ಪರದ ಹತ್ತಿರ ಬರುವ ಹೊತ್ತಿಗೆ ಅವನ ಮುಖ ಬಾಣಲೆಯ ತಳದ ಹಾಗಿತ್ತು. ಹುಡುಗಿ ಅಂತರಪಟ ಸರಿಸಿ ನೋಡಿ ಕಿಟಾರನೆ ಕಿರುಚಿದಳಂತೆ. ಮದುವೆಯೇನೋ ನಡೆಯಿತು. ಆದರೆ ಸುದ್ದಿ ಕಾರಿಗಿಂತ ಮೊದಲು ಹುಣಸೂರು ಮುಟ್ಟಿತು.

ಆ ವಾರವೇ ಕೆ.ಆರ್. ನಗರದ ಅಕ್ಕಿ ಗಿರಣಿಯ ಚಿಕ್ಕಬಸಪ್ಪ ಎಣ್ಣೆ ಕೊಳ್ಳಲು ಬಂದವರು, ತೋಟಕ್ಕೆ ನೀರೆತ್ತಲು ಒಂದು ಇಂಜಿನ್ ಬೇಕಿತ್ತು ಎಂದರು.

"ನಮ್ಮ ಕಾರು ತಗೊಂಡೋಗ್ರಿ," ಎಂದುಬಿಟ್ಟರು ಸಿದ್ದಮಲ್ಲಪ್ಪ. "ಹೊಗೆ ಬುಡೋ ಕಾರು ಕಣ್ರೀ, ಮೊದಲೇ ಹೇಳಿವ್ನಿ. ಆಮೇಲೆ ನಂಗೆ ಗೊತ್ತಿರಲಿಲ್ಲ ಅನ್ನಂಗಿಲ್ಲ."

"ಹೊಗೆ ಬುಟ್ರೆ ನಂಗೇನು, ಬಾವಿ ಹತ್ರ ತಾನೆ ಇರೋದು. ಬರೋ ಸೋಮವಾರ ಬತ್ತೀನಿ."

ಸಿದ್ದಮಲ್ಲಪ್ಪನವರ ಮಾತು ಅಂದರೆ ಮಾತು. ಊರಲ್ಲಿ ಅದರ ಮೇಲೆ ವ್ಯವಹಾರ ನಡೆಯುತ್ತಿತ್ತು. ಚನ್ನಬಸವಣ್ಣನಿಗೆ ವಿಷಯ ತಿಳಿದಾಗ ಅವನು ಜಗಳವಾಡಲಿಲ್ಲ. ಅಂದಿನ ಮುದ್ದೆಯನ್ನು ಮುಟ್ಟಲೂ ಇಲ್ಲ.

ಉಳಿದದ್ದು ಕೆಲವೇ ದಿನ. ಗುರುವಾರ ಮುದುಕರೊಬ್ಬರನ್ನು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋಗಿ, ಅವರ ಕೆಲಸ ಮುಗಿಯಲಿ ಎಂದು ಒಂದು ಬಯಲಿನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸಿಕೊಂಡು ಚನ್ನಬಸವಣ್ಣ ಬಹಳ ಹೊತ್ತು ಕೂತ. ಇನ್ನೆಷ್ಟು ದಿನ ಈ ಬಾನೆಟ್ಟು ಎತ್ತುತ್ತೇನೆ ಎಂದು ಸಂಕಟವಾಗಿ, ಸುಮ್ಮನೆ ಎತ್ತಿದ. ಕಡ್ಡಿ ಎಳೆದು ಪಂಚೆಯ ತುದಿಗೆ ಒರೆಸಿ, ಒಳಗೆ ಇಳಿಸಿ, ಮತ್ತೆ ಎತ್ತಿ ನೋಡಿದ.

ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಮೂರು ಬೆರಳು ಮೇಲಕ್ಕೆ ಮೆತ್ತಿಕೊಂಡಿತ್ತು.

ಒರೆಸಿ ಮತ್ತೆ ಇಳಿಸಿದ. ಮತ್ತೆ ಅಷ್ಟೇ. ಪಕ್ಕದಲ್ಲಿ ಲಾರಿಯ ನೆರಳಿನಲ್ಲಿ ಮಲಗಿದ್ದ ಡ್ರೈವರ್ ಮಂಟಯ್ಯನನ್ನು ಅಲುಗಿಸಿ ಎಬ್ಬಿಸಿದ. "ಮಂಟಯ್ಯ, ಎಣ್ಣೆ ಮೇಲಿನ ಗೆರೆ ದಾಟಿದ್ರೆ ಏನಾಯ್ತದ್ಲಾ?"

"ಗಂಟಲುಮಟ್ಟ ತಿಂದು ಓಡಿ ನೋಡು, ಗೊತ್ತಾಯ್ತದೆ," ಎಂದು ಮಂಟಯ್ಯ ಮಗ್ಗುಲು ಬದಲಿಸಿದ.

ಚನ್ನಬಸವಣ್ಣನಿಗೆ ಮೊದಲು ಸಂತೋಷವಾಯಿತು. ಇಂಜಿನ್ ಸವೆದಿಲ್ಲ, ಅದಕ್ಕೆ ಅಜೀರ್ಣ ಅಷ್ಟೇ! ಮರುಗಳಿಗೆಯಲ್ಲಿ ಸಿಟ್ಟು ಬಂತು. ಇಷ್ಟೊಂದು ಎಣ್ಣೆಯನ್ನು ತಾನಂತೂ ಹಾಕಿಲ್ಲ. ಮತ್ತೆ ಯಾರು? ದಾರಿಯುದ್ದಕ್ಕೂ ಅದನ್ನೇ ಮಸೆಯುತ್ತ ಬಂದು, ನೇರ ಅಂಗಡಿಗೆ ಹೋಗಿ ಹುಡುಕಿದ. ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಮೋಟಾರು ಎಣ್ಣೆಯ ಡಬ್ಬಗಳು ಸಿಕ್ಕವು. ಅವರ ಅಂಗಡಿಯಲ್ಲಿ ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು, ಹರಳೆಣ್ಣೆ ಎಲ್ಲವೂ ಇದ್ದವು. ಮೋಟಾರು ಎಣ್ಣೆಯನ್ನು ಅವರು ಎಂದೂ ಮಾರಿದವರಲ್ಲ. ಮೊದಲು ಇಂಜಿನ್ನಿನ ಎಣ್ಣೆ ಇಳಿಸಿದ್ದರೆ ಕೋಪವೂ ಅದರ ಜೊತೆಗೆ ಇಳಿಯುತ್ತಿತ್ತೋ ಏನೋ. ಅವನು ಅಷ್ಟು ತಾಳಲಿಲ್ಲ.

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಬಿಸಿ ಮುದ್ದೆ, ಹುರುಳಿ ಸಾರು.

"ಅಣ್ಣ, ಗೋಣಿ ಕೆಳಗೆ ಮೋಟಾರು ಎಣ್ಣೆ ಯಾಕಿಟ್ಟಿದ್ದೀಯ?"

ಬೆಟ್ಟಸ್ವಾಮಿಯ ಕೈ ಸಾರಿನಲ್ಲೇ ನಿಂತಿತು. "ಇಟ್ಟಿವ್ನಿ. ಅಂಗಡಿ ನೋಡ್ಕೊಳ್ಳೋನು ನಾನು."

"ಮಾರೋಕಂತೂ ಅಲ್ಲ. ನಾನಿಲ್ದಾಗ ಕಾರಿಗೆ ಎಣ್ಣೆ ಸುರಿದಿದ್ದೀಯಾ ಇಲ್ವಾ, ಅದೊಂದ್ ಹೇಳು."

"ಸುರಿದಿವ್ನಿ. ಏನೀಗ?"

"ಕೇಳಿದ್ರಾ ಅಪ್ಪಯ್ಯ? ಹೆಚ್ಚು ಎಣ್ಣೆ ಹಾಕಿ ಹಾಕಿ ಕಾರು ಕೆಡಿಸವ್ನೆ! ಕಾರು ಹಾಳಾಗ್ಲಿ, ತಮ್ಮ ಬಂದು ಅಂಗಡೀಲಿ ಬೀಳ್ಲಿ ಅಂತ. ಮೊದಲ ದಿನದಿಂದ ಇವನಿಗೆ ಕಣ್ಣುರಿ!"

ಬೆಟ್ಟಸ್ವಾಮಿ ತಮ್ಮನ ಮುಖವನ್ನೇ ನೋಡಿದ. ಅರ್ಧ ಮುದ್ದೆ ಬಿಟ್ಟು, ತಟ್ಟೆಯಲ್ಲೇ ಕೈ ತೊಳೆದು ಎದ್ದ.

"ಅಂಗೆ ಅನ್ಕೊಂಡಿದ್ರೆ ಜೊತೇಲಿರೋದು ಬ್ಯಾಡ. ಬೇರೆ ಆಗೋಣ."

ಗುರುಶಾಂತಮ್ಮ ಸೌಟನ್ನು ಠಣ್ಣನೆ ಕೆಳಗಿಟ್ಟಳು. "ಅತ್ತೆ, ನಾಳೆಯಿಂದ ನಮ್ಮೊಲೆ ಬೇರೆ."

ವಿಚಿತ್ರವೆಂದರೆ ತಂದೆ ಬೈಯಲಿಲ್ಲ, ತಾಯಿ ಅಳಲಿಲ್ಲ. ಇಬ್ಬರೂ ತಟ್ಟೆಯನ್ನೇ ನೋಡುತ್ತ ಮುದ್ದೆ ಮುರಿಯುತ್ತಿದ್ದರು. ಜಗಳದಲ್ಲಿ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ಇಬ್ಬರದೂ ಅಲ್ಲ.

ಮಾರನೆಯ ಬೆಳಿಗ್ಗೆ ಗುರುಶಾಂತಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಒಲೆ ಬೇರೆಯಾದರೂ ಕೈ ಅದೇ ತಾನೆ? ಇಬ್ಬರಿಗೆಂದು ಹಿಟ್ಟು ತೊಳಸಿದವಳು ಐದು ಜನಕ್ಕಾಗುವಷ್ಟು ತೊಳಸಿದ್ದಳು. ಉಳಿದ ಮುದ್ದೆಗಳನ್ನು ತಟ್ಟೆಯಲ್ಲಿಟ್ಟು, ಮುಖ ತಿರುಗಿಸಿಕೊಂಡು, ಅತ್ತೆಯ ಅಡುಗೆಮನೆಯ ಹೊಸ್ತಿಲ ಮೇಲೆ ತಂದಿಟ್ಟಳು. ಪುಟ್ಟಮಲ್ಲಮ್ಮನೂ ಮುಖ ತಿರುಗಿಸಿಕೊಂಡೇ ಅದನ್ನು ಒಳಗೆಳೆದುಕೊಂಡು, ಒಂದು ಚೊಂಬು ಸಾರನ್ನು ಹೊಸ್ತಿಲ ಆಚೆಗೆ ತಳ್ಳಿದರು. ಮಧ್ಯಾಹ್ನವೂ ಹಾಗೆಯೇ ನಡೆಯಿತು. ಬೇರೆಯಾಗುವುದು ಸುಲಭದ ಕೆಲಸವಲ್ಲ.

ಶನಿವಾರ ಗುರುಶಾಂತಮ್ಮ ಪಾತ್ರೆ ಪಗಡೆ ಪಾಲು ಮಾಡಲು ಒಳಗೆ ಬಂದಳು. ಉಪ್ಪು, ಹುಣಸೆಹಣ್ಣು, ಬೇಳೆ ಎಲ್ಲವನ್ನೂ ಎರಡು ಗುಡ್ಡೆ ಹಾಕಿದಳು. ಹರಳೆಣ್ಣೆಯ ಜಾಡಿ ಎತ್ತಿದರೆ ಹಗುರ.

"ಅತ್ತೆ, ಶಿವರಾತ್ರಿ ಆದ್ಮೇಲೆ ತಾನೆ ಇದನ್ನ ತುಂಬಿಸಿದ್ದು? ತಳ ಕಾಣ್ತಾ ಅದೆ. ಯಾರ ತಲೆಗೆ ಹಚ್ಚಿದ್ರಿ?"

ಪುಟ್ಟಮಲ್ಲಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ತಲೆಗಲ್ಲ ಕಣವ್ವ."

"ಮತ್ತೆ?"

"ಕಾರಿಗೆ."

"ಕಾರಿಗಾ!"

"ಅದಕ್ಕೆ ಉಷ್ಣ ಆಗಿತ್ತು ಕಣೆ. ಮನೆಗೆ ಬಂದಾಗೆಲ್ಲ ಮೂತೀಲಿ ಬುಸ್ ಅಂತ ಹಬೆ ಬುಡೋದು. ಉಷ್ಣಕ್ಕೆ ಹರಳೆಣ್ಣೆ ಬುಟ್ರೆ ಇನ್ನೇನದೆ? ಶನಿವಾರ ಶನಿವಾರ ಒಂದು ಸೌಟು ಆ ಎಣ್ಣೆ ಬಾಯಿಗೆ ಬುಡ್ತಿದ್ದೆ."

"ಒಂದೇ ಸೌಟಾ?"

"ಮ್ಯಾಲೊಂದು ಕೊಸರು."

ಜಗಲಿಯಲ್ಲಿ ಕೂತಿದ್ದ ಸಿದ್ದಮಲ್ಲಪ್ಪನವರಿಗೆ ಜೋರಾಗಿ ಕೆಮ್ಮು ಬಂತು. ಸೊಸೆ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮಾವ, ನೀವೇನೋ ಹೇಳಂಗದೆ."

"ಹೇಳೋದೇನು. ಗಾಡಿ ಕಟ್ಟೋಕೆ ಮುಂಚೆ ಕೀಲಿಗೆ ಎಣ್ಣೆ ಬುಡ್ದೆ ನಮ್ಮಪ್ಪ ಮನೆ ಬುಟ್ಟು ಹೊರಟೋರಲ್ಲ. ಇವನು ನೋಡಿದ್ರೆ ರೊಟ್ಟಿ ಬಾಯಿಗಾಕ್ಕೊಂಡು ಓಡ್ತಾನೆ. ಅದಕ್ಕೆ ಬೆಳಿಗ್ಗೆ ಪೂಜೆ ಮುಗಿಸ್ಕೊಂಡು, ಕೊಟ್ಟಿಗೇಲಿ ಅವನ ಎಣ್ಣೆ ಡಬ್ಬ ಇತ್ತಲ್ಲ, ಅದರಿಂದ ಒಸಿ..."

"ದಿನಾಲೂ?"

"ಗಾಡಿ ದಿನಾಲೂ ತಾನೆ ಹೊರಡೋದು?"

"ಗಂಡ ಹೆಂಡ್ತಿ ಇಬ್ಬರೂ ಇಷ್ಟು ದಿನ ಬಾಯಲ್ಲಿ ಮುದ್ದೆ ಇಟ್ಕೊಂಡಿದ್ರಾ? ಗುರುವಾರವೇ ಹೇಳೋಕೇನಾಗಿತ್ತು?"

"ಮಕ್ಕಳ ಮುಂದೆ ಮರ್ವಾದೆ ಹೋಯ್ತದಲ್ಲವ್ವ," ಎಂದರು ಯಜಮಾನರು, ಮೆತ್ತಗೆ.

ಗುರುಶಾಂತಮ್ಮ ನಗುವನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು. "ಆ ಡಬ್ಬ ಯಾವತ್ತಾದ್ರೂ ಬರಿದಾಗಿತ್ತಾ ಮಾವ?"

"ಇಲ್ಲ ಕಣವ್ವ. ಯಾವಾಗ ನೋಡಿದ್ರೂ ತುಂಬಿರೋದು. ಒಳ್ಳೆ ಅಕ್ಷಯ ಪಾತ್ರೆ."

ಅಕ್ಷಯ ಪಾತ್ರೆ ಯಾರ ಕೈಯಿಂದ ತುಂಬುತ್ತಿತ್ತು ಎಂದು ಅವಳಿಗೆ ತಟ್ಟನೆ ಹೊಳೆಯಿತು. ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದವಳು ಗಂಡನನ್ನು ಅಂಗಡಿಯಿಂದ ಎಬ್ಬಿಸಿಕೊಂಡೇ ಬಂದಳು. ಕೊಟ್ಟಿಗೆಯಲ್ಲಿ ಕಾರಿನ ಮೆಟ್ಟಿಲ ಮೇಲೆ ಮಂಕಾಗಿ ಕೂತಿದ್ದ ಚನ್ನಬಸವಣ್ಣನ ಮುಂದೆ ನಿಲ್ಲಿಸಿದಳು.

"ಈಗ ಹೇಳ್ರೀ. ಈ ಡಬ್ಬ ತುಂಬಿಸ್ತಿದ್ದೋರು ಯಾರು?"

ಬೆಟ್ಟಸ್ವಾಮಿ ಕಂಬದ ಕಡೆ ನೋಡುತ್ತ ಹೇಳಿದ: "ನಾನೇ. ಮೈಸೂರಿಂದ ಸರಕು ತರಿಸೋವಾಗ ಜೊತೇಲಿ ತರಿಸ್ತಿದ್ದೆ. ಇವನಿಗೆ ಎಣ್ಣೆ ಸಾಲ್ದೆ ಬರಬಾರ್ದು ಅಂತ. ಕೋಟೆ ಕಡೆ ಬಾಡಿಗೆ ಅಂದ ದಿನ ಇಂಜಿನ್ನಿಗೂ ಒಸಿ ಬುಡ್ತಿದ್ದೆ. ಕಾಡುದಾರೀಲಿ ಹಿಡ್ಕೊಂಡ್ರೆ ಅಲ್ಲಿ ಯಾರವ್ರೆ? ಆನೆ ಬಂದು ತಳ್ತದಾ?"

ಚನ್ನಬಸವಣ್ಣ ಎದ್ದು ನಿಂತ. ಅವನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. "ಮೊನ್ನೆನೇ ಯಾಕಣ್ಣ ಹೇಳ್ಲಿಲ್ಲ?"

"ನೀನು ಕೇಳಿದ್ರೆ ತಾನೆ? ನೀನು ತೀರ್ಪು ಕೊಟ್ಟೆ."

"ತಪ್ಪಾಯ್ತು ಅಣ್ಣ."

"ಆಯ್ತು ಬುಡ್ಲಾ." ಬೆಟ್ಟಸ್ವಾಮಿಯ ದನಿ ಇನ್ನೂ ಬಿಗಿಯಾಗಿಯೇ ಇತ್ತು.

ಗುರುಶಾಂತಮ್ಮನ ವಿಚಾರಣೆ ಮುಗಿದಿರಲಿಲ್ಲ. "ಅದ್ಸರಿ ಚನ್ನಬಸವ, ನೀನು ದಿನಾ ಬೆಳಿಗ್ಗೆ ಆ ಕಡ್ಡಿ ಎತ್ತಿ ನೋಡ್ತಿದ್ದೆಯಲ್ಲ? ನಿನಗ್ಯಾಕೆ ಗೊತ್ತಾಗ್ಲಿಲ್ಲ?"

"ಮನೇಲಿ ನೋಡಿದಾಗೆಲ್ಲ ಕಮ್ಮೀನೇ ತೋರಿಸ್ತಿತ್ತು ಅತ್ತಿಗೆ. ಅದಕ್ಕೆ ನಾನೂ..."

"ನೀನೂ?"

"ಅರ್ಧ ಪಾವು. ಮ್ಯಾಲೆ..."

"ಕೊಸರು!" ಎಂದರು ಎಲ್ಲರೂ ಒಟ್ಟಿಗೆ. ಬೆಟ್ಟಸ್ವಾಮಿಗೂ ನಗು ತಡೆಯಲಾಗಲಿಲ್ಲ.

ಆದರೂ ಕಡ್ಡಿ ಮನೆಯಲ್ಲಿ ಒಂದು, ಪಿರಿಯಾಪಟ್ಟಣದಲ್ಲಿ ಇನ್ನೊಂದು ಯಾಕೆ ಹೇಳಿತು ಎಂದು ಗಂಡಸರು ಮೂವರೂ ತಲೆ ಕೆರೆದುಕೊಂಡರು. ಆ ಕೊಟ್ಟಿಗೆ, ಅಂಗಳ ಎರಡನ್ನೂ ದಿನಾ ಗುಡಿಸಿ ತೊಳೆಯುತ್ತಿದ್ದವಳು ಗುರುಶಾಂತಮ್ಮ. "ಇಲ್ಲಿ ಒಂದು ಕೊಡ ನೀರು ಚೆಲ್ಲಿದ್ರೆ ಪೂರಾ ಹಿತ್ತಲ ಕಡೆಗೆ ಓಡ್ತದೆ. ಕಾರಿನ ಮೂತಿ ಬೀದಿ ಕಡೆಗೆ, ಮೇಲಕ್ಕದೆ. ನೀರು ಓಡೋ ಕಡೆ ಎಣ್ಣೆ ಓಡಲ್ವಾ? ಕಡ್ಡಿ ಮುಂದ್ಗಡೆ, ಎಣ್ಣೆ ಹಿಂದ್ಗಡೆ!" ಎಂದಳು. ಅಷ್ಟು ಹೇಳಿ, ಹಿತ್ತಲಿಗೆ ಹೋಗಿ ಮೂರು ಕಲ್ಲನ್ನೂ ಕಾಲಲ್ಲಿ ಒದ್ದು ಉರುಳಿಸಿ, ಅತ್ತೆಯ ಒಲೆಯ ಮುಂದೆ ಕೂತಳು.

ಭಾನುವಾರ ಕಾರನ್ನು ಸಂತೆ ಮಾಳದ ಸಮ ನೆಲಕ್ಕೆ ಒಯ್ದರು. ಹಿಂದೆ ಇಡೀ ಮನೆಯೇ ಹೊರಟಿತು. ಪುಟ್ಟಮಲ್ಲಮ್ಮ ಮದುವೆಗಳಲ್ಲಿ ಪಾಯಸ ಮಾಡುವ ಹಳೆಯ ತಪ್ಪಲೆ ತಂದಿದ್ದರು. ಇಂಜಿನ್ ಇನ್ನೂ ಬೆಚ್ಚಗಿರುವಾಗಲೇ ಚನ್ನಬಸವಣ್ಣ ಗೋಣಿ ಹಾಸಿಕೊಂಡು ಕೆಳಗೆ ತೂರಿ, ತಳದ ಬಿರಡೆ ಸಡಿಲಿಸಿದ. ಕರಿ ಎಣ್ಣೆ ದಬದಬನೆ ತಪ್ಪಲೆಗೆ ಬಿತ್ತು. ಹೆಚ್ಚಿದ್ದಷ್ಟನ್ನು ಮಾತ್ರ ಇಳಿಸಿದರೆ ಸಾಕಿತ್ತು. ಹರಳೆಣ್ಣೆ ಬೆರೆತು ಅಂಟಾಗಿದ್ದರಿಂದ ಪೂರ್ತಿ ಇಳಿಸಬೇಕಾಯಿತು. ತಪ್ಪಲೆ ತುಂಬಿ, ಪಕ್ಕದಲ್ಲಿ ಬಕೆಟ್ಟೂ ಇಡಬೇಕಾಯಿತು.

"ಇಷ್ಟನ್ನೂ ಹೊಟ್ಟೇಲಿಟ್ಕೊಂಡು ಓಡ್ತಿತ್ತಾ, ಪಾಪ," ಎಂದರು ಪುಟ್ಟಮಲ್ಲಮ್ಮ. ನಿಜವಾಗಿಯೂ ಅವರ ಕಣ್ಣು ಒದ್ದೆಯಾಗಿತ್ತು.

ಪ್ಲಗ್ಗುಗಳನ್ನು ಉಜ್ಜಿ ಹಾಕಿದ ಮೇಲೆ ಹೊಸ ಎಣ್ಣೆ ಹಾಕುವ ಕೆಲಸವನ್ನು ಸಿದ್ದಮಲ್ಲಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ಸ್ವಲ್ಪ ಹಾಕುವುದು, ಅದು ತಳಕ್ಕೆ ಇಳಿಯಲೆಂದು ಕಾಯುವುದು, ಕಡ್ಡಿ ಒರೆಸಿ ನೋಡುವುದು. ಹೀಗೇ ಸಾಗಿ ಎಣ್ಣೆ ಮೇಲಿನ ಗೆರೆಯ ಹತ್ತಿರ ಬಂದು ನಿಂತಿತು.

"ಸಾಕು ಅಪ್ಪಯ್ಯ."

"ಒಂದ್ ತೊಟ್ಟು ಬುಡ್ಲಾ?"

"ಬ್ಯಾಡ."

"ಕೈ ತಡೀತಾ ಇಲ್ಲ ಕಣೋ. ಒಂದೇ ಒಂದು..."

ಗುರುಶಾಂತಮ್ಮ ಮುಂದೆ ಬಂದು ಮಾವನ ಕೈಯಿಂದ ಡಬ್ಬ ಕಿತ್ತುಕೊಂಡಳು. ಸೊಸೆಯಾದವಳು ಹಾಗೆ ಮಾಡಿದ್ದು ಆ ಮನೆಯ ಚರಿತ್ರೆಯಲ್ಲೇ ಮೊದಲು. ಯಜಮಾನರು ಬರಿಗೈಯನ್ನು ಪಂಚೆಗೆ ಒರೆಸಿಕೊಂಡರು. ಕಾರು ಮೊದಲು ಕೆಮ್ಮಿ, ಒಳಗೆ ಉಳಿದಿದ್ದ ಹೊಗೆಯನ್ನೆಲ್ಲ ಉಗಿದು, ಆಮೇಲೆ ತೊಟ್ಟಿಲು ತೂಗಿದಷ್ಟು ಸಣ್ಣಗೆ ಸದ್ದು ಮಾಡುತ್ತ ನಿಂತಿತು. ಮಾಳದ ಸುತ್ತ ಎರಡು ಸುತ್ತು ಹಾಕಿದರೂ ಹಿಂದೆ ದೂಳು ಬಿಟ್ಟರೆ ಬೇರೇನೂ ಏಳಲಿಲ್ಲ.

ಆದರೆ ನಾಳೆ ಸೋಮವಾರ. ಕೊಟ್ಟ ಮಾತು ಕೊಟ್ಟಾಗಿತ್ತು. ಕಾರು ಗುಣವಾದದ್ದು ಚಿಕ್ಕಬಸಪ್ಪನವರ ಲಾಭಕ್ಕಷ್ಟೇ ಎಂದು ಚನ್ನಬಸವಣ್ಣನಿಗೆ ಗೊತ್ತಿತ್ತು. ಬೆಳಿಗ್ಗೆ ಅವನು ಕಾರನ್ನು ತೊಳೆದು, ಗಾಜು ಒರೆಸಿ, ಬೀದಿಗೆ ತಂದು ನಿಲ್ಲಿಸಿ, ರೊಟ್ಟಿ ಕೊಟ್ಟರೆ ಬೇಡವೆಂದ. ಬೆಟ್ಟಸ್ವಾಮಿ ಅಂಗಡಿಯಿಂದ ಎರಡು ಸಲ ಎದ್ದು ಬಂದು, ಕಾರನ್ನೊಮ್ಮೆ ನೋಡಿ ಹಿಂತಿರುಗಿದ. ಸಿದ್ದಮಲ್ಲಪ್ಪನವರ ಲಿಂಗಪೂಜೆ ಅಂದು ಎಂದಿಗಿಂತ ಬಹಳ ಹೊತ್ತು ನಡೆಯಿತು. ಮಾತಿಗೂ ಮಗನಿಗೂ ನಡುವೆ ಅವರು ಏನು ಬೇಡಿಕೊಂಡರೋ, ಶಿವನಿಗೇ ಗೊತ್ತು.

ಬೆಳಗಿನ ಬಸ್ಸಿಗೆ ಚಿಕ್ಕಬಸಪ್ಪ ಬಂದಿಳಿದರು. ಉಪ್ಪಿಟ್ಟು, ಕಾಫಿ ಆಯಿತು.

"ಎಲ್ಲಿ ಸಿದ್ದಮಲ್ಲಪ್ಪ, ಕಾರು ಕೊಡ್ತೀರಾ?"

"ನೋಡ್ಕೊಳ್ಳಿ ಮೊದಲು. ಚನ್ನಬಸವ, ಚಾಲೂ ಮಾಡು."

ಕಾರು ಚಾಲೂ ಆಯಿತು. ಚಿಕ್ಕಬಸಪ್ಪ ಹಿಂದೆ ಹೋಗಿ ಬಗ್ಗಿ ನೋಡಿದರು, ಮೂಸಿದರು, ಕೊಳವೆಯ ಮುಂದೆ ಬಿಳಿ ವಸ್ತ್ರ ಹಿಡಿದು ನೋಡಿದರು. ಅವರ ಮುಖ ಅರಳಿತು. "ಹೊಗೇನೇ ಇಲ್ವಲ್ರೀ! ಕೊಡಿ ಕೊಡಿ, ಇದನ್ನ ನಾನೇ ಓಡಾಡೋಕೆ ಇಟ್ಕೊತೀನಿ."

"ಅದೆಂಗೆ ಕೊಡ್ಲಿ?" ಎಂದರು ಸಿದ್ದಮಲ್ಲಪ್ಪ, ಗಂಭೀರವಾಗಿ. "ನಾನು ನಿಮಗೆ ಹೊಗೆ ಬುಡೋ ಕಾರು ಕೊಡ್ತೀನಿ ಅಂದಿದ್ದೆ. ಇದು ಹೊಗೆ ಬುಡ್ತಾ ಇಲ್ಲ. ಹೇಳಿದ ಸರಕೇ ಒಂದು, ಕೊಟ್ಟ ಸರಕೇ ಒಂದು ಆದ್ರೆ ನಾನು ವ್ಯಾಪಾರಸ್ಥ ಎಂಗಾಯ್ತೀನಿ? ಈ ಅಂಗಡೀಲಿ ಅಂಥ ಮೋಸ ನಡೆದಿಲ್ಲ."

ಚಿಕ್ಕಬಸಪ್ಪ ಬಾಯಿ ತೆರೆದು ನಿಂತರು. "ಅಂಗಾದ್ರೆ ನೀವು ಹೇಳಿದ ಸರಕೆಲ್ಲಿ?"

ಸಿದ್ದಮಲ್ಲಪ್ಪ ಜಗಲಿಯ ಕೆಳಗಿದ್ದ ಕರಿ ಎಣ್ಣೆಯ ತಪ್ಪಲೆಯ ಕಡೆ ಕೈ ತೋರಿಸಿದರು. "ಹೊಗೆಯೆಲ್ಲ ಅದರಲ್ಲದೆ. ಪುಕ್ಕಟೆ ತಗೊಂಡೋಗಿ. ನಿಮ್ಮ ಗಾಡಿ ಕೀಲಿಗಾಯ್ತದೆ."

ಚಿಕ್ಕಬಸಪ್ಪನವರೂ ವ್ಯಾಪಾರಸ್ಥರೇ. ತಪ್ಪಲೆ ನೋಡಿದರು, ಕಾರು ನೋಡಿದರು, ಚನ್ನಬಸವಣ್ಣನ ಬಿಳಿಚಿದ ಮುಖ ನೋಡಿದರು. ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಸೋತೆ ಕಣ್ರೀ. ಮಾತೂ ಉಳಿಸ್ಕೊಂಡ್ರಿ, ಕಾರೂ ಉಳಿಸ್ಕೊಂಡ್ರಿ. ನನ್ನನ್ನ ಊರಿಗಾದ್ರೂ ಬುಡ್ತೀರೋ, ಅದೂ ಹೇಳಿದ ಸರಕಲ್ವೋ?"

ಚನ್ನಬಸವಣ್ಣ ಹಾರಿ ಹಿಂದಿನ ಬಾಗಿಲು ತೆರೆದ. ಆಮೇಲೆ ಅಂಗಡಿಯ ಕಡೆ ತಿರುಗಿ, "ಅಣ್ಣ, ನೀನೂ ಬಾ" ಎಂದ.

"ಅಂಗಡಿ?"

"ನಾನು ಕೂತಿರ್ತೀನಿ, ಹೋಗ್ಲಾ," ಎಂದರು ತಂದೆ. ಅಷ್ಟರಲ್ಲೇ ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಪಾವನ್ನು ಕೈಗೆ ತೆಗೆದುಕೊಂಡಿದ್ದರು.

ಬೆಟ್ಟಸ್ವಾಮಿ ಮುಂದಿನ ಸೀಟಿನಲ್ಲಿ ಎರಡು ಕೈಯಲ್ಲೂ ಬಾಗಿಲು ಹಿಡಿದುಕೊಂಡು ಕೂತ. ಕಟ್ಟೆಮಳಲವಾಡಿ ಹತ್ತಿರ ಬರುವವರೆಗೂ ಹಿಡಿತ ಸಡಿಲಿಸಲಿಲ್ಲ. ಗದ್ದೆಗಳ ಕಡೆಯಿಂದ ತಂಪು ಗಾಳಿ ಬೀಸತೊಡಗಿದಾಗ ಒಂದು ಕೈ ಬಿಟ್ಟ.

ಹಿಂದಿನಿಂದ ಚಿಕ್ಕಬಸಪ್ಪ ಕೇಳಿದರು: "ಏನ್ ಬೆಟ್ಟಸ್ವಾಮಿ, ನಿಮಗೆ ಈ ಕಾರು ಕಂಡ್ರಾಗಲ್ಲ ಅಂತ ಕೇಳಿದ್ದೆ?"

"ಕಾರಿನ ಮೇಲೆ ನಂಗೇನು ಸಿಟ್ಟು ಸ್ವಾಮಿ," ಎಂದ ಬೆಟ್ಟಸ್ವಾಮಿ, ಹೊರಗೆ ನೋಡುತ್ತಲೇ. "ಚಿಕ್ಕೋರಾಗಿದ್ದಾಗ ಸಂತೆಗೆ ಗಾಡೀಲಿ ಇಬ್ಬರೂ ಒಟ್ಟಿಗೆ ಹೋಗ್ತಿದ್ವಿ. ಇದು ಬಂದ ಮೇಲೆ ಇವನು ಒಬ್ಬನೇ ಹೊರಟುಬುಡ್ತಿದ್ದ. ಬಾ ಅಂತ ಒಂದು ದಿನಾನೂ ಕರೀಲಿಲ್ಲ."

ರಸ್ತೆಯಲ್ಲಿ ದೂರದವರೆಗೂ ಯಾರೂ ಇರಲಿಲ್ಲ. ಆದರೂ ಚನ್ನಬಸವಣ್ಣ ಎರಡು ಸಲ ಹಾರನ್ ಒತ್ತಿದ.